ತರಗತಿಯ ಮೌನ: ಕೊನೆಗೆ ಕೈಹಿಡಿದ ವಿಧಾನ
ಮಡಿಕೇರಿ ತಾಲೂಕಿನ ಒಂದು ಶಾಲೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಆಡುವ ಮಕ್ಕಳು ಇಂಗ್ಲಿಷ್ ಪಿರಿಯಡ್‌ನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಯಾಕೆ ಎಂದು ತಿಳಿಯುವುದೇ ನನ್ನ ಸಂಶೋಧನೆ.

ಸಂದರ್ಶನ ಮಾಡಿದೆ, 'ನಾಚಿಕೆ ಸಾರ್' ಅಂತ ಮುಗಿಯಿತು. ಗ್ರೌಂಡೆಡ್ ಥಿಯರಿ (ಸಿಕ್ಕ ಮಾಹಿತಿಯಿಂದಲೇ ಸಿದ್ಧಾಂತ ಕಟ್ಟುವ ವಿಧಾನ) ಹಿಡಿದೆ, ಕೋಡ್ ಮಾಡಲು, ಅಂದರೆ ಅರ್ಥದ ಪ್ರಕಾರ ಹೆಸರಿಟ್ಟು ವಿಂಗಡಿಸಲು, ಮಾತೇ ಇಲ್ಲ. ಎಥ್ನೋಗ್ರಫಿಗೆ, ಅಂದರೆ ಅವರ ನಡುವೆಯೇ ಇದ್ದು ಗಮನಿಸುವುದಕ್ಕೆ, ತಿಂಗಳುಗಟ್ಟಲೆ ಬೇಕು. ನನಗಿದ್ದದ್ದು ಆರು ವಾರ, ಅದರಲ್ಲೂ ಮಳೆ ರಜೆ.

ಕೆಲಸ ಮಾಡಿದ್ದು ಕಾನ್ವರ್ಸೇಶನ್ ಅನಾಲಿಸಿಸ್ (ಮಾತು-ಮೌನಗಳನ್ನು ರೆಕಾರ್ಡ್ ಮಾಡಿ ಸೂಕ್ಷ್ಮವಾಗಿ ಬರೆದು ನೋಡುವುದು) ಜೊತೆ ಸ್ಟಿಮ್ಯುಲೇಟೆಡ್ ರೀಕಾಲ್ (ರೆಕಾರ್ಡಿಂಗ್ ತೋರಿಸಿ ಆಗಿನ ಯೋಚನೆ ನೆನಪಿಸುವುದು). ಮೊದಲು ಪೋಷಕರ ಒಪ್ಪಿಗೆ. ಕ್ಯಾಮೆರಾ ಮಕ್ಕಳ ಮುಖದ ಕಡೆ. ಎರಡು ದಿನ ಸುಮ್ನೆ ಇಟ್ಟು, ಮೂರನೇ ದಿನದಿಂದ ರೆಕಾರ್ಡ್. ಒಂದು ಸೆಕೆಂಡ್ ದಾಟಿದ ಮೌನವನ್ನೆಲ್ಲ (1.4), (2.8) ಎಂದು ಸೆಕೆಂಡ್ ಲೆಕ್ಕದಲ್ಲಿ ಬರೆದುಕೊಂಡೆ. ಅದೇ ಸಂಜೆ ತುಣುಕು ತೋರಿಸಿ, 'ಇಲ್ಲಿ ಏನು ಯೋಚಿಸ್ತಿದ್ದೆ?' ಎಂದೆ. 'ಯಾಕೆ ಸುಮ್ನಿದ್ದೆ' ಅಂತ ಮಾತ್ರ ಕೇಳಬೇಡಿ, ತಪ್ಪೊಪ್ಪಿಗೆ ಬರುತ್ತೆ ಅಷ್ಟೇ.

ಆ 2.8 ಸೆಕೆಂಡ್ ನೋಡಿ ಹುಡುಗಿಯೊಬ್ಬಳು ಹೇಳಿದ್ದು: 'ವಾಸ್ ಬರುತ್ತೋ ವರ್ ಬರುತ್ತೋ ಅಂತಿದ್ದೆ, ಅಷ್ಟರಲ್ಲಿ ಮೇಷ್ಟ್ರೇ ಉತ್ತರ ಹೇಳಿಬಿಟ್ರು.'