ಸಿಮ್ಯುಲೇಟರಿನಲ್ಲಿ ವಿಮಾನ ಕಾಳಗ: ನಮ್ಮೂರಿನ ಹೊಸ ಪೈಲಟ್‌ಗಳಿಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಜಾಯ್‌ಸ್ಟಿಕ್ ಹಿಡಿದು ಸಿಮ್ಯುಲೇಟರಿನಲ್ಲಿ, ಅಂದರೆ ಕಂಪ್ಯೂಟರ್ ಆಟದಲ್ಲಿ, ಎರಡನೇ ಮಹಾಯುದ್ಧದ ವಿಮಾನ ಹಾರಿಸಲು ಕಲಿಯುತ್ತಿರುವ ಹುಡುಗ-ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಲ್ಲರ ಮೊದಲ ಪ್ರಶ್ನೆ ಗುರಿ ಇಡುವುದು ಹೇಗೆ ಅಂತ. ಗುರಿ ಆಮೇಲೆ. ಮೊದಲು ನೋಡಲು ಕಲಿಯಿರಿ. ನಿಜವಾದ ಯುದ್ಧಗಳಲ್ಲಿ ಉರುಳಿದ ಪೈಲಟ್‌ಗಳಲ್ಲಿ ಬಹಳ ಜನರಿಗೆ ಹೊಡೆದವನು ಕಂಡೇ ಇರಲಿಲ್ಲ.

ಕಣ್ಣು ಒಂದೇ ಕಡೆ ನೆಡಬೇಡಿ. ಮುಂದೆ, ಎಡಕ್ಕೆ, ಮೇಲೆ, ಹಿಂದೆ, ಬಲಕ್ಕೆ, ಹೀಗೆ ಸುತ್ತುತ್ತಿರಲಿ. ಬಾಲದ ಕೆಳಗೆ ಏನೂ ಕಾಣುವುದಿಲ್ಲ, ಅದಕ್ಕೆ ಆಗಾಗ ವಿಮಾನವನ್ನು ಓರೆ ಮಾಡಿ ಅಲ್ಲೂ ನೋಡಿ. ಮೊದಲನೇ ಮಹಾಯುದ್ಧದ ಜರ್ಮನ್ ಪೈಲಟ್ ಓಸ್ವಾಲ್ಡ್ ಬೋಲ್ಕೆ 1916ರಲ್ಲಿ ತನ್ನ ಪೈಲಟ್‌ಗಳಿಗೆ ಮಾಡಿಕೊಟ್ಟ ನಿಯಮಗಳಲ್ಲಿ ಮೊದಲನೆಯದರಲ್ಲೇ ಸೂರ್ಯನನ್ನು ಬೆನ್ನಿಗೆ ಇಟ್ಟುಕೊಳ್ಳಿ ಅಂತಿದೆ. ಅದು ಯಾಕೆ ಅಂತ ತಿಳಿಯಬೇಕಾದರೆ ಒಂದು ಸಂಜೆ ನೃಪತುಂಗ ಬೆಟ್ಟ ಹತ್ತಿ. ಹೆಬ್ಬೆರಳಿನಿಂದ ಸೂರ್ಯನನ್ನು ಮುಚ್ಚಿ, ನೇರ ನೋಡಲೇಬೇಡಿ, ಅದರ ಸುತ್ತ ಹಾರುವ ಹದ್ದುಗಳನ್ನು ಹುಡುಕಿ. ಬೆರಳು ಅಡ್ಡ ಇಲ್ಲದಿದ್ದರೆ ಹದ್ದು ಬೆಳಕಿನಲ್ಲಿ ಮಾಯ. ಪೈಲಟ್‌ಗಳೂ ಇದೇ ರೀತಿ ಬೆರಳು ಅಡ್ಡ ಹಿಡಿದು ಹುಡುಕುತ್ತಿದ್ದರು.

ಇನ್ನು ಗುರಿ. ಹೊಸಬರು ತೀರಾ ದೂರದಿಂದ ಗುಂಡು ಹಾರಿಸುತ್ತಾರೆ. ಬ್ರಿಟಿಷರ ಯುದ್ಧ ವಿಮಾನ ಸ್ಪಿಟ್‌ಫೈರ್‌ನ ಮೊದಮೊದಲ ಮಾದರಿಯಲ್ಲಿ ಎಂಟು ಗನ್, ಒಂದೊಂದಕ್ಕೆ 300 ಗುಂಡು. ಒತ್ತಿ ಹಿಡಿದರೆ ಸುಮಾರು 15 ಸೆಕೆಂಡಿನಲ್ಲಿ ಖಾಲಿ. ಹಾಗಾಗಿ 250 ಮೀಟರ್ ಒಳಗೆ ಬರುವವರೆಗೂ ಕಾಯಿರಿ, ಆಮೇಲೆ ಎರಡೇ ಸೆಕೆಂಡು ಹೊಡೆದು ಬಿಡಿ. 250 ಮೀಟರ್ ಅಂದರೆ ಎಷ್ಟು ಅಂತ ಕಣ್ಣಿಗೆ ಗೊತ್ತಾಗಬೇಕಲ್ವಾ? ಸ್ಪಿಟ್‌ಫೈರ್ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 11 ಮೀಟರ್, ನಮ್ಮ ಸಾರಿಗೆ ಬಸ್ಸಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಅಣ್ಣಿಗೇರಿ ಕಡೆ ಎರೆ ಹೊಲದಲ್ಲಿ, ಗದಗ ರಸ್ತೆಯಿಂದ 250 ಮೀಟರ್ ಒಳಗೆ ಹೋಗಿ ನಿಲ್ಲಿ, ಫೋನಿನ ಮ್ಯಾಪಿನಲ್ಲಿ ಅಳೆದುಕೊಂಡರೆ ಆಯಿತು. ಬಸ್ಸು ಅಡ್ಡ ಹಾಯುವಾಗ ಕೈ ಪೂರ್ತಿ ಚಾಚಿದರೆ ಅದು ಸುಮಾರು ಎರಡು ಬೆರಳಿನಗಲ ಕಾಣುತ್ತದೆ. ಒಂದೇ ಬೆರಳಿನಷ್ಟು ಕಂಡರೆ ದೂರ ಹತ್ತಿರ ಹತ್ತಿರ ಎರಡು ಪಟ್ಟು, ಹೊಡೆಯಬೇಡಿ.

ವೇಗ ನಿಮ್ಮ ಕೈಯಲ್ಲಿರುವ ಹಣ ಇದ್ದ ಹಾಗೆ, ಪ್ರತಿ ಬಿಗಿ ತಿರುವಿನಲ್ಲೂ ಅದು ಖರ್ಚಾಗುತ್ತದೆ. ನಿಮ್ಮ ವಿಮಾನ ವೇಗದ್ದಾಗಿದ್ದರೆ ಮೇಲಿಂದ ಎರಗಿ, ಹೊಡೆದು, ಮತ್ತೆ ಮೇಲೇರಿ. ನಿಧಾನದ ವಿಮಾನದ ಜೊತೆ ಸುತ್ತು ಹಾಕಲು ಹೋಗಬೇಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ನಮ್ಮ ವಾಯುಪಡೆಯ, ಕೊಡಗಿನ ಅಜ್ಜಮಾಡ ದೇವಯ್ಯ ಹಾರಿಸುತ್ತಿದ್ದದ್ದು ಮಿಸ್ಟೇರ್ ಅನ್ನುವ ನಿಧಾನದ ವಿಮಾನ. ಬೆನ್ನು ಹತ್ತಿದ್ದು ಶಬ್ದಕ್ಕಿಂತ ಎರಡು ಪಟ್ಟು ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್. ಆ ಸ್ಟಾರ್‌ಫೈಟರ್ ತಿರುಗಾಟದ ಕಾಳಗಕ್ಕೆ ಇಳಿಯಿತು, ದೇವಯ್ಯನವರ ಗುಂಡಿಗೆ ಸಿಕ್ಕಿತು. ದೇವಯ್ಯ ಮರಳಲಿಲ್ಲ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅವರು ಬೀಳಿಸಿದ ವಿಮಾನದ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ.

ಆ ಪ್ಯಾರಾಚೂಟಿನ ವಿಷಯ ಬಂತಲ್ಲ, ನಾನು ಮುಖ್ಯವಾಗಿ ಹೇಳಬೇಕಾದದ್ದು ಅದೇ. ಆನ್‌ಲೈನ್ ಆಟದಲ್ಲಿ ವಿಮಾನ ಬಿಟ್ಟು ಹಾರಿದವನ ಮೇಲೆ ಸುಮ್ನೆ ಗುಂಡು ಹಾರಿಸುವ ಚಟ ಕೆಲವರಿಗಿದೆ. ಮಾಡಬೇಡಿ. ಅಪಾಯದಲ್ಲಿರುವ ವಿಮಾನದಿಂದ ಹಾರಿ ಇಳಿಯುತ್ತಿರುವವನನ್ನು ಹೊಡೆಯಬಾರದು ಅಂತ 1923ರಲ್ಲಿ ಹೇಗ್‌ನಲ್ಲಿ ಮಾಡಿದ ವಾಯುಯುದ್ಧ ನಿಯಮಗಳ ಕರಡಿನಲ್ಲೇ ಇತ್ತು. ಯುದ್ಧದ ನಿಯಮಗಳಾದ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೊಕಾಲ್‌ನ (ಪೂರಕ ಒಪ್ಪಂದದ) 42ನೇ ವಿಧಿ ಅದನ್ನು ಖಚಿತ ಮಾಡಿತು. ಶತ್ರುವಿನ ನೆಲಕ್ಕೆ ಇಳಿದ ಮೇಲೂ ಅವನಿಗೆ ಶರಣಾಗಲು ಮೊದಲು ಅವಕಾಶ ಕೊಡಬೇಕು, ಅವನೇ ಕಾದಾಡಲು ಶುರು ಮಾಡಿದರೆ ಮಾತು ಬೇರೆ. ಕಾಳಗಕ್ಕೇ ಇಳಿಯುವ ಪ್ಯಾರಾಟ್ರೂಪರ್‌ಗಳಿಗೆ ಈ ರಕ್ಷಣೆ ಇಲ್ಲ. ಭಾರತ ಆ ಪ್ರೋಟೊಕಾಲ್ ಸೇರಿಲ್ಲ ನಿಜ, ಆದರೆ ಇದು ಎಲ್ಲ ದೇಶಗಳಿಗೂ ಅನ್ವಯಿಸುವ ರೂಢಿಯ ಕಾನೂನು ಅಂತಲೇ ಲೆಕ್ಕ.

"ಇವತ್ತು ಬಿಟ್ಟರೆ ನಾಳೆ ಬೇರೆ ವಿಮಾನ ಹತ್ತಿ ಬರ್ತಾನಲ್ರೀ" ಅಂತ ವಾದ ಮಾಡುವವರು ಸಿಗುತ್ತಾರೆ. ಬರಲಿ. ನಾಳೆ ಬಂದಾಗ ನಾಳೆ ಕಾದಾಡಿ. ಹಗ್ಗಕ್ಕೆ ಜೋತುಬಿದ್ದವನ ಕೈಯಲ್ಲಿ ಗನ್ ಇಲ್ಲ, ತಪ್ಪಿಸಿಕೊಳ್ಳಲು ರೆಕ್ಕೆಯೂ ಇಲ್ಲ. 1971ರ ನವೆಂಬರ್ 22ರಂದು ಆಗಿನ ಪೂರ್ವ ಪಾಕಿಸ್ತಾನದ ಗಡಿಯ ಬೊಯ್ರಾದ ಮೇಲೆ ನಮ್ಮ ನ್ಯಾಟ್ ವಿಮಾನಗಳು ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಹೊಡೆದಾಗ ಇಬ್ಬರು ಪಾಕಿಸ್ತಾನಿ ಪೈಲಟ್‌ಗಳು ಇಳಿದು ಸೆರೆ ಸಿಕ್ಕರು. ಅವರಲ್ಲಿ ಪರ್ವೇಜ್ ಮೆಹದಿ ಖುರೇಶಿಗೆ ಏಟು ಬೀಳದಂತೆ ತಡೆದವರು ನಮ್ಮ ಸೇನೆಯ ಕ್ಯಾಪ್ಟನ್ ಪನಾಗ್. ಖುರೇಶಿ ಮುಂದೆ ಅವರ ವಾಯುಪಡೆಯ ಮುಖ್ಯಸ್ಥನಾದ. ಹಾಗಾದ ಅಂತ ಪನಾಗ್ ಮಾಡಿದ್ದು ತಪ್ಪಾಗುತ್ತದೆಯೇ? ಖಂಡಿತ ಇಲ್ಲ. 1965ರಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗನೂ ಹಂಟರ್ ವಿಮಾನ ಬಿಟ್ಟು ಹಾರಿ ಆ ಕಡೆ ಸೆರೆಯಾಗಿದ್ದರು, ಬದುಕಿ ವಾಪಸ್ ಬಂದರು. ಈ ನಿಯಮ ಎರಡೂ ಕಡೆಯ ತಾಯಂದಿರಿಗೆ ಬೇಕು.

ಗುಂಪಿನಲ್ಲಿ ಹಾರುವಾಗ ಮಾತು ಚಿಕ್ಕದಿರಲಿ. ಮೊದಲು ಯಾರಿಗೆ, ಆಮೇಲೆ ಏನು: "ಎರಡನೇ ನಂಬರ್, ಎಡಕ್ಕ ತಿರುಗು!" ಬರೀ "ಏ, ಹಿಂದ ನೋಡಲೇ!" ಅಂದರೆ ನಾಲ್ಕೂ ಜನ ಒಟ್ಟಿಗೆ ತಿರುಗಿ ಡಿಕ್ಕಿ ಹೊಡೆದುಕೊಳ್ಳುತ್ತಾರೆ. ಬೋಲ್ಕೆ ಸತ್ತದ್ದೂ ಕಾಳಗದ ನಡುವೆ ತನ್ನದೇ ಜೊತೆಗಾರನ ವಿಮಾನ ತಾಗಿ. ಜೊತೆಗಾರನನ್ನು ಬಿಟ್ಟು ಸ್ಕೋರಿನ ಹಿಂದೆ ಓಡುವವರನ್ನು ಮುಂದಿನ ಸಲ ತಂಡಕ್ಕೆ ಸೇರಿಸಿಕೊಳ್ಳಬೇಡಿ.

ಆಟ ಮುಗಿದ ಮೇಲೆ ಲೆಕ್ಕ ಬರೆಯಿರಿ. ಬ್ರಿಟಿಷ್ ವಾಯುಪಡೆ ಮಾಡುತ್ತಿದ್ದ ಹಾಗೆ ಮೂರು ಸಾಲು: ಬಿದ್ದದ್ದು, ಬಿದ್ದಿರಬಹುದಾದದ್ದು, ಪೆಟ್ಟಾದದ್ದು. ಬೀಳುವುದನ್ನು ಕಣ್ಣಾರೆ ನೋಡದಿದ್ದರೆ ಮೊದಲ ಸಾಲಿಗೆ ಸೇರಿಸಬೇಡಿ, ಹೊಗೆ ಕಂಡಿತು ಅನ್ನುವುದು ಸಾಲದು.