ಮಗಳ ಶುಗರ್ ಹಿಂದೆ ಓಡುವುದನ್ನು ಬಿಟ್ಟ ಮೇಲೆ

ಡಿಸೆಂಬರ್ ಕೊನೆ, ಕಿತ್ತಳೆ ಕಾಲ. ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಮ್ಮವರು ರೈಟರ್, ಅಂದರೆ ಲೆಕ್ಕ, ಹಾಜರಿ ಬರೆಯುವವರು. ತೋಟದ ಕ್ವಾರ್ಟರ್ಸ್‌ನಲ್ಲೇ ನಮ್ಮ ಮನೆ. ಅವತ್ತು ಮಗಳು ಸ್ಕೂಲಿಂದ ಬಂದು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅಜ್ಜಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದಳು. ಆರು ಗಂಟೆಗೆ ನಾನು ಕರೆದು ಬೆರಳು ಚುಚ್ಚಿ ಶುಗರ್ ನೋಡಿದೆ, ತುಂಬಾ ಜಾಸ್ತಿ. 348.

"ಎಷ್ಟು ಹಣ್ಣು ತಿಂದೆ?" ಅಂದೆ. "ಒಂದೂ ತಿಂದಿಲ್ಲ ಅಮ್ಮಾ, ಅಜ್ಜಿಗೆ ಸುಲಿದೆ ಅಷ್ಟೆ" ಅಂದಳು. ನಾನು ನಂಬಲಿಲ್ಲ. ಬೈದೆ. ಸುಳ್ಳು ಹೇಳಬೇಡ ಅಂದೆ. 348ಕ್ಕೆ ಲೆಕ್ಕ ಹಾಕಿ ಎರಡು ಯೂನಿಟ್ ಇನ್ಸುಲಿನ್ ಕೊಟ್ಟೆ. ಏಳೂಕಾಲಿಗೆ ಹೋಮ್‌ವರ್ಕ್ ಮಾಡುತ್ತಾ ಕೂತಿದ್ದವಳ ಪೆನ್ಸಿಲ್ ಕೈಯಿಂದ ಜಾರಿತು. ಮುಖ ಬಿಳುಚಿಕೊಂಡಿತ್ತು, ಮೇಲ್ತುಟಿಯ ಮೇಲೆ ಸಣ್ಣ ಸಣ್ಣ ಬೆವರ ಹನಿ. ನೋಡಿದರೆ 52, ತೀರಾ ಕಡಿಮೆ.

ಗ್ಲೂಕೋಸ್ ಕುಡಿಸಿ, ಸರಿಯಾದ ಮೇಲೆ ಮೈಸೂರಿನ ನಮ್ಮ ಡಾಕ್ಟರ್ ಹತ್ತಿರ ಇರುವ ಸಿಸ್ಟರ್‌ಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು. "ಚುಚ್ಚುವ ಮುಂಚೆ ಕೈ ತೊಳೆಸಿದ್ರಾ?"

ತೊಳೆಸಿರಲಿಲ್ಲ. ಕಿತ್ತಳೆಯ ರಸ ಬೆರಳಿಗೆ ಅಂಟಿತ್ತು. ಗ್ಲೂಕೋಮೀಟರ್‌ಗೆ ಬೇಕಾಗುವುದು ಸಾಸಿವೆ ಕಾಳಿಗಿಂತ ಚಿಕ್ಕ ಹನಿ ರಕ್ತ. ಅದರಲ್ಲಿ ಹಣ್ಣಿನ ಸಕ್ಕರೆ ಸ್ವಲ್ಪ ಸೇರಿದರೂ ನಂಬರ್ ಎಲ್ಲಿಗೋ ಹೋಗುತ್ತದೆ. ಮರುದಿನ ನಾನೇ ಕಿತ್ತಳೆ ಸುಲಿದು ನನ್ನ ಬೆರಳು ಚುಚ್ಚಿ ನೋಡಿದೆ. 260ರ ಮೇಲೆ ತೋರಿಸಿತು. ಕೈ ತೊಳೆದು ಒರೆಸಿ ನೋಡಿದರೆ 97. ನನಗೆ ಶುಗರ್ ಇಲ್ಲ. ಮಗಳನ್ನು ಹತ್ತಿರ ಕೂರಿಸಿಕೊಂಡು, ನಿನ್ನೆ ನೀನು ಹೇಳಿದ್ದೇ ನಿಜ, ಅಮ್ಮನದೇ ತಪ್ಪು ಅಂದೆ. ಅವಳಿಗೆ ಆಗ ಏಳು ವರ್ಷ.

ಅವಳಿಗೆ ಟೈಪ್ 1 ಡಯಾಬಿಟಿಸ್, ಮೈ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸುವ ಕಾಯಿಲೆ. ಅದಕ್ಕೂ ಒಂದು ವರ್ಷ ಹಿಂದೆ ಗೊತ್ತಾಯಿತು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ರಾತ್ರಿ ಹಾಸಿಗೆ ಒದ್ದೆ. ಬಾತ್‌ರೂಮಲ್ಲಿ ಅವಳು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತುತ್ತಿತ್ತು. ಮೈ ಇಳಿಯಿತು. ಮಳೆಗಾಲದ ಜ್ವರ, ಸುಸ್ತು ಅಂತ ಒಂದು ಕಡೆ ಔಷಧಿ ಕೊಟ್ಟು ಕಳಿಸಿದರು. ನಾಲ್ಕನೇ ದಿನಕ್ಕೆ ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ. ರಾತ್ರೋರಾತ್ರಿ ಜೀಪಲ್ಲಿ ಮೈಸೂರಿಗೆ ಕರೆದುಕೊಂಡು ಹೋದೆವು. ಐದು ದಿನ ಐಸಿಯು. ಮಕ್ಕಳು ಇದ್ದಕ್ಕಿದ್ದ ಹಾಗೆ ಜಾಸ್ತಿ ನೀರು ಕುಡಿಯುತ್ತಾ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದರೆ, ಅವತ್ತೇ ಒಂದು ಹನಿ ರಕ್ತ ನೋಡಿಸಿ. ಐದು ನಿಮಿಷದ ಕೆಲಸ.

ಮೊದಲ ಕೆಲವು ತಿಂಗಳು ಸುಲಭವಾಗಿಯೇ ಹೋಯಿತು. ಚಿಕಿತ್ಸೆ ಶುರುವಾದ ಮೇಲೆ ಮೇದೋಜೀರಕದಲ್ಲಿ ಉಳಿದಿರುವ ಕೋಶಗಳು ಸ್ವಲ್ಪ ಕಾಲ ಚೇತರಿಸಿಕೊಂಡು ಒಂದಿಷ್ಟು ಇನ್ಸುಲಿನ್ ಕೊಡುತ್ತವಂತೆ. ಹನಿಮೂನ್ ಅಂತಾರೆ ಇದಕ್ಕೆ. ನಾವು ವಾಸಿಯಾಗುತ್ತಿದೆ ಅಂದುಕೊಂಡೆವು. ಆಮೇಲೆ ಶುರುವಾಯಿತು ನೋಡಿ ಏರಿಳಿತ. ಬೆಳಿಗ್ಗೆ 310, ಮಧ್ಯಾಹ್ನ 64, ರಾತ್ರಿ 280.

ಆ ದಿನಗಳಲ್ಲಿ ನಾನು ಮಾಡಿದ ದೊಡ್ಡ ತಪ್ಪು, ಪ್ರತಿ ನಂಬರ್ ಹಿಂದೆಯೂ ಓಡಿದ್ದು. ಒಂದು ರಾತ್ರಿಯದ್ದು ನನ್ನ ಪುಸ್ತಕದಲ್ಲಿ ಇನ್ನೂ ಇದೆ. ಒಂಬತ್ತೂವರೆಗೆ 305, ಇನ್ಸುಲಿನ್ ಕೊಟ್ಟೆ. ಹತ್ತೂವರೆಗೆ 290. ಇಳಿದೇ ಇಲ್ಲವಲ್ಲ ಅಂತ ಇನ್ನೊಂದು ಸಲ ಕೊಟ್ಟೆ. ಒಂದೂವರೆಗೆ 48. ಹೆದರಿ ಗ್ಲೂಕೋಸ್ ಕೊಟ್ಟೆ, ಸಾಲದು ಅಂತ ಹಾಲು, ಬಾಳೆಹಣ್ಣು, ಬಿಸ್ಕೆಟ್. ಬೆಳಿಗ್ಗೆ 330. ಮತ್ತೆ ಇನ್ಸುಲಿನ್. ಆ ರಾತ್ರಿ ಆಗಿದ್ದೆಲ್ಲ ನನ್ನ ಕೈಯಿಂದಲೇ ಆಗಿದ್ದು ಅಂತ ತುಂಬಾ ದಿನ ಗೊತ್ತಿರಲಿಲ್ಲ.

ಊಟದ ಇನ್ಸುಲಿನ್ ಕೆಲಸ ಶುರು ಮಾಡುವುದಕ್ಕೇ ಹತ್ತು, ಹದಿನೈದು ನಿಮಿಷ ಬೇಕು. ಒಂದರಿಂದ ಎರಡು ಗಂಟೆ ಹೊತ್ತಿಗೆ ಅದರ ಜೋರು. ಮೂರ್ನಾಲ್ಕು ಗಂಟೆ ಮೈಯಲ್ಲಿ ಇರುತ್ತದೆ. ನಾನು ಮೊದಲನೆಯದು ಕೆಲಸ ಮಾಡುತ್ತಿರುವಾಗಲೇ ಎರಡನೆಯದನ್ನು ಸೇರಿಸುತ್ತಿದ್ದೆ. ಡಾಕ್ಟರ್ ಹೇಳಿದ್ದನ್ನು ಕೇಳಿ ನಮ್ಮ ಅತ್ತೆ ಅಂದರು, "ಹಂಡೆ ಒಲೆಗೆ ಹಸಿ ಸೌದೆ ಇಟ್ಟ ಹಾಗೆ ಆಯ್ತಲ್ಲ. ಹತ್ತಿಕೊಳ್ಳಲಿಲ್ಲ ಅಂತ ಮೇಲೆ ಮೇಲೆ ತುರುಕಿದರೆ ಆಮೇಲೆ ಎಲ್ಲ ಒಟ್ಟಿಗೇ ಉರಿಯುತ್ತೆ." ಅದಕ್ಕಿಂತ ಚೆನ್ನಾಗಿ ನನಗೆ ಯಾರೂ ಅರ್ಥ ಮಾಡಿಸಿಲ್ಲ.

ಅವತ್ತಿಂದ ಒಂದು ಕಟ್ಟುನಿಟ್ಟು. ಇಳಿಸಲು ಒಂದು ಸಲ ಇನ್ಸುಲಿನ್ ಕೊಟ್ಟರೆ ಮೂರು ಗಂಟೆ ಎರಡನೆಯದು ಇಲ್ಲ. ನೋಡುತ್ತೇವೆ, ನೀರು ಕುಡಿಸುತ್ತೇವೆ, ಕಾಯುತ್ತೇವೆ. ಜ್ವರ, ವಾಂತಿ ಇದ್ದಾಗ ಮಾತ್ರ ಲೆಕ್ಕ ಬೇರೆ, ಆಗ ಡಾಕ್ಟರಿಗೆ ಫೋನ್. ಇಳಿದಾಗಲೂ ಹಾಗೇ. 70ಕ್ಕಿಂತ ಕೆಳಗೆ ಹೋದರೆ ಅವಳ ತೂಕಕ್ಕೆ ಡಾಕ್ಟರ್ ಹೇಳಿದಷ್ಟೇ ಗ್ಲೂಕೋಸ್ ಪುಡಿ. ಅಳತೆಗೆ ಒಂದೇ ಚಮಚ ಇಟ್ಟಿದ್ದೇವೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಬೆರಳು. ಆ ಹದಿನೈದು ನಿಮಿಷ ಸುಮ್ನೆ ಕೂರುವುದು ತಾಯಿಗೆ ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಮಗು ನಡುಗುತ್ತಾ "ಇನ್ನೂ ಕೊಡು" ಅನ್ನುತ್ತದೆ. ನಾನು ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಗೋಡೆ ಗಡಿಯಾರ ನೋಡುತ್ತಾ ಕೂರುತ್ತಿದ್ದೆ. ಎಚ್ಚರ ತಪ್ಪಿದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ಪಕ್ಕಕ್ಕೆ ಮಲಗಿಸಿ ಆಸ್ಪತ್ರೆಗೆ ಓಡಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದೇವೆ.

ಆಮೇಲೆ ಪುಸ್ತಕ. ತೋಟದ ಹಾಜರಿ ಪುಸ್ತಕದಂಥದ್ದೇ ಒಂದನ್ನು ನಮ್ಮವರು ತಂದು ಗೆರೆ ಹಾಕಿಕೊಟ್ಟರು. ಸಮಯ, ನಂಬರ್, ಊಟ, ಯೂನಿಟ್, ಎಲ್ಲಿ ಚುಚ್ಚಿದ್ದು, ಆಟ ಆಡಿದಳಾ. ಒಂದು ದಿನದ ನಂಬರ್‌ಗೆ ಡೋಸ್ ಬದಲಾಯಿಸುವುದಿಲ್ಲ. ಮೂರು ದಿನ ಅದೇ ಹೊತ್ತಿಗೆ ಅದೇ ರೀತಿ ಆದರೆ ಕಾರಣ ಹುಡುಕುತ್ತೇವೆ, ಡಾಕ್ಟರ್ ಜೊತೆ ಮಾತಾಡಿ ಒಂದೇ ಒಂದನ್ನು ಬದಲಾಯಿಸುತ್ತೇವೆ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಹೀಗೆ ನೋಡುತ್ತಾ ಹೋದ ಹಾಗೆ ಒಂದೊಂದೇ ಕಾರಣ ಸಿಕ್ಕಿತು. ಮೊದಲನೆಯದು ಕಣ್ಣ ಮುಂದೇ ಇತ್ತು. ಅವಳು ಯಾವಾಗಲೂ ಹೊಕ್ಕುಳಿನ ಎಡಕ್ಕೇ ಚುಚ್ಚಿಸಿಕೊಳ್ಳುತ್ತಿದ್ದಳು. ಅಲ್ಲಿ ನೋವಾಗಲ್ಲ ಅಂತ. ಒಂದು ದಿನ ಸ್ನಾನ ಮಾಡಿಸುವಾಗ ಸೋಪಿನ ಕೈಗೆ ಚರ್ಮದ ಕೆಳಗೆ ನೆನೆಸಿದ ಅವರೆಕಾಳಿನಷ್ಟು ದೊಡ್ಡ ಗಂಟು ಸಿಕ್ಕಿತು. ಒಂದೇ ಜಾಗದಲ್ಲಿ ಚುಚ್ಚಿದರೆ ಕೊಬ್ಬು ಹಾಗೆ ಗಂಟು ಕಟ್ಟುತ್ತದೆ. ಅಲ್ಲಿಂದ ಇನ್ಸುಲಿನ್ ಒಂದು ದಿನ ಬೇಗ, ಒಂದು ದಿನ ನಿಧಾನ ರಕ್ತಕ್ಕೆ ಸೇರುತ್ತದೆ. ನೋವಾಗದೆ ಇರುವುದೂ ಆ ಗಂಟಿನಿಂದಲೇ. ಈಗ ಹೊಟ್ಟೆ, ತೊಡೆ, ಸೊಂಟದ ಹಿಂಭಾಗ, ತೋಳು ಅಂತ ಸುತ್ತು ಹಾಕುತ್ತೇವೆ. ಒಂದು ಎಚ್ಚರ ಹೇಳಲೇಬೇಕು. ಗಂಟು ಬಿಟ್ಟು ಹೊಸ ಜಾಗಕ್ಕೆ ಬಂದಾಗ ಅದೇ ಡೋಸ್ ಜಾಸ್ತಿ ಕೆಲಸ ಮಾಡುತ್ತದೆ. ಡಾಕ್ಟರ್ ಮೊದಲೇ ಹೇಳಿ ಡೋಸ್ ಇಳಿಸಿದ್ದರಿಂದ ನಾವು ಬಚಾವಾದೆವು.

ಎರಡನೆಯದು ಬೆಳಗಿನ ಗಡಿಬಿಡಿ. ಸ್ಕೂಲ್ ಬಸ್ ಏಳೂ ನಲವತ್ತಕ್ಕೆ. ಅಕ್ಕಿ ರೊಟ್ಟಿ ಬಾಯಿಗೆ ಹಾಕಿದ ಮೇಲೆ ಇನ್ಸುಲಿನ್ ಕೊಡುತ್ತಿದ್ದೆ. ಅಕ್ಕಿಯ ಸಕ್ಕರೆ ಮುಂದೆ ಓಡಿ, ಇನ್ಸುಲಿನ್ ಹಿಂದೆ ಬಿದ್ದು, ಹತ್ತು ಗಂಟೆಗೆ 300 ದಾಟುತ್ತಿತ್ತು. ಈಗ ಹದಿನೈದು ನಿಮಿಷ ಮುಂಚೆ ಕೊಟ್ಟು ಜಡೆ ಹಾಕಲು ಕೂರಿಸುತ್ತೇನೆ. ಎರಡು ಜಡೆ ಹಾಕಿ ಮುಗಿಯುವ ಹೊತ್ತಿಗೆ ತಿಂಡಿ. ಡೋಸ್ ಒಂದು ಯೂನಿಟ್ಟೂ ಹೆಚ್ಚಿಸಲಿಲ್ಲ, ಹತ್ತು ಗಂಟೆಯ ನಂಬರ್ 200ರ ಒಳಗೆ ಬಂತು. ಶುಗರ್ ಕಡಿಮೆ ಇದ್ದ ದಿನ ಮಾತ್ರ ಮೊದಲು ತಿಂಡಿ.

ಊಟದಲ್ಲಿ ಎಷ್ಟು ಕಾರ್ಬೋಹೈಡ್ರೇಟ್, ಅಂದರೆ ಮೈಯಲ್ಲಿ ಸಕ್ಕರೆಯಾಗುವ ಅಂಶ, ಇದೆ ಅಂತ ನೋಡಿ ಇನ್ಸುಲಿನ್ ಲೆಕ್ಕ ಹಾಕಬೇಕು. ನಮ್ಮ ಊರಿನ ಅಡುಗೆಯ ಲೆಕ್ಕ ಆಸ್ಪತ್ರೆಯಲ್ಲಿ ಕೊಟ್ಟ ಚಾರ್ಟ್‌ನಲ್ಲಿ ಇರಲಿಲ್ಲ. ಇಡ್ಲಿ, ಚಪಾತಿ ಇತ್ತು. ನಮ್ಮ ಅಕ್ಕಿ ತರಿಯ ಉಂಡೆ, ಕಡಂಬುಟ್ಟು, ಎಲ್ಲಿಂದ ಬರಬೇಕು? ನಾನು ಮಾಡಿದ್ದು ಇಷ್ಟು. ಅಕ್ಕಿ ತರಿಯನ್ನು ಒಣಗಿದ್ದಾಗಲೇ ತಕ್ಕಡಿಗೆ ಹಾಕುವುದು. 250 ಗ್ರಾಂ ತರಿಯಲ್ಲಿ ಸುಮಾರು 200 ಗ್ರಾಂ ಕಾರ್ಬೋಹೈಡ್ರೇಟ್. ಅದರಲ್ಲಿ ಇಪ್ಪತ್ತು ಉಂಡೆ ಕಟ್ಟಿದರೆ ಒಂದಕ್ಕೆ ಹತ್ತು ಗ್ರಾಂ. ನೀರು ಎಷ್ಟು ಹಾಕಿದರೂ ಲೆಕ್ಕ ತಪ್ಪುವುದಿಲ್ಲ. ಉಂಡೆ ಒಂದೇ ಗಾತ್ರಕ್ಕೆ ಕಟ್ಟಬೇಕು ಅಷ್ಟೆ, ಅದನ್ನು ಅತ್ತೆ ನೋಡಿಕೊಳ್ಳುತ್ತಾರೆ. ನೂಪುಟ್ಟು, ಪಾಪುಟ್ಟು ಎಲ್ಲಕ್ಕೂ ಇದೇ ದಾರಿ.

ಕಷ್ಟ ಇದ್ದದ್ದು ಪಂದಿಕರಿ (ಹಂದಿ ಮಾಂಸದ ಸಾರು) ಊಟದ ದಿನ. ಊಟವಾಗಿ ಎರಡು ಗಂಟೆಗೆ ನೋಡಿದರೆ ಶುಗರ್ ಚೆನ್ನಾಗಿರುತ್ತದೆ, ಕೆಲವು ಸಲ ಕಡಿಮೆಯೇ. ನಾವು ಖುಷಿಯಾಗಿ ಮಲಗುತ್ತಿದ್ದೆವು. ಮಧ್ಯರಾತ್ರಿ 290. ಕೊಬ್ಬು ಹೊಟ್ಟೆಯಲ್ಲಿ ಊಟವನ್ನು ತಡೆದು ಹಿಡಿಯುತ್ತದೆ, ಅಕ್ಕಿಯ ಸಕ್ಕರೆ ಗಂಟೆಗಟ್ಟಲೆ ತಡವಾಗಿ ಏರುತ್ತದೆ. ಇನ್ಸುಲಿನ್ ಅಷ್ಟೊತ್ತಿಗೆ ಮುಗಿದಿರುತ್ತದೆ. ಅಂಥ ದಿನ ಹೇಗೆ ಕೊಡಬೇಕು ಅಂತ ಡಾಕ್ಟರ್ ಬೇರೆಯೇ ಹೇಳಿಕೊಟ್ಟಿದ್ದಾರೆ. ಊಟ ಬಿಡಿಸಲಿಲ್ಲ. ಕೈಲ್‌ಪೋಳ್ದ್ ಹಬ್ಬಕ್ಕೆ ಗೆಳತಿಯ ಮನೆಗೆ ಹೋಗಿ ಮಗು ಬರೀ ಸೌತೆಕಾಯಿ ತಿಂದು ಬರುವುದು ನನಗೆ ಬೇಡ.

ಇನ್ನು ಹಾಕಿ. ಕೊಡಗಿನಲ್ಲಿ ಮಗು ಹಾಕಿ ಸ್ಟಿಕ್ ಹಿಡಿಯದೆ ಇರುತ್ತದಾ? ಪ್ರ್ಯಾಕ್ಟೀಸ್ ಇದ್ದ ದಿನ ಶುಗರ್ ಇಳಿಯುತ್ತದೆ, ಅದು ಗೊತ್ತಿತ್ತು. ಆದರೆ ಸಂಜೆ ಆಡಿದ್ದಕ್ಕೆ ರಾತ್ರಿ ಎರಡು ಗಂಟೆಗೂ ಇಳಿಯುತ್ತದೆ ಅನ್ನುವುದು ಪುಸ್ತಕ ನೋಡಿದ ಮೇಲೆ ಹೊಳೆಯಿತು. ಖಾಲಿಯಾದ ಸಕ್ಕರೆಯನ್ನು ಸ್ನಾಯುಗಳು ರಾತ್ರಿಯಿಡೀ ರಕ್ತದಿಂದ ತುಂಬಿಸಿಕೊಳ್ಳುತ್ತವೆ. ಇನ್ನೊಂದು ವಿಚಿತ್ರ, ಮ್ಯಾಚ್ ದಿನ ಅದೇ ಆಟಕ್ಕೆ ಶುಗರ್ ಏರುತ್ತದೆ. ಗೆಲ್ಲಬೇಕು ಅನ್ನುವ ಉದ್ವೇಗಕ್ಕೆ ಅಡ್ರಿನಲಿನ್ ಹೆಚ್ಚಾಗಿ ಯಕೃತ್ತು ಸಕ್ಕರೆ ಬಿಡುತ್ತದೆ. ಅದಕ್ಕೆ ಅವಸರದಲ್ಲಿ ಇನ್ಸುಲಿನ್ ಕೊಟ್ಟರೆ ರಾತ್ರಿ ಕೆಟ್ಟದಾಗಿ ಬೀಳುತ್ತಾಳೆ. ಆಡಿದ ರಾತ್ರಿ ಮೂರಕ್ಕೆ ಅಲಾರಂ ಇಡುತ್ತೇನೆ. ಚಳಿಯಲ್ಲಿ ಬೆರಳು ಹೆಪ್ಪುಗಟ್ಟಿದ ಹಾಗಿರುತ್ತದೆ, ರಕ್ತ ಬರುವುದಿಲ್ಲ. ನನ್ನ ಅಂಗೈಯಲ್ಲಿ ಅವಳ ಕೈ ಇಟ್ಟುಕೊಂಡು ಬಿಸಿ ಮಾಡಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚುತ್ತೇನೆ. ಅವಳು ಎಚ್ಚರವೂ ಆಗುವುದಿಲ್ಲ ಈಗ.

ಶುಗರ್ ತಾನೇ ಅಳೆಯುವ, ತೋಳಿಗೆ ಅಂಟಿಸುವ ಸೆನ್ಸರ್ ಇದೆಯಲ್ಲ, ಹದಿನಾಲ್ಕು ದಿನದ್ದು, ಅದು ಒಳ್ಳೆಯದೇ. ಆದರೆ ತಿಂಗಳು ತಿಂಗಳು ಹಾಕಿಸುವ ಶಕ್ತಿ ನಮಗಿಲ್ಲ. ವರ್ಷಕ್ಕೆ ಮೂರ್ನಾಲ್ಕು ಸಲ, ಲೆಕ್ಕ ತಪ್ಪುತ್ತಿದೆ ಅನಿಸಿದಾಗ ಹಾಕಿಸುತ್ತೇವೆ. ಅದನ್ನೂ ಕಣ್ಣು ಮುಚ್ಚಿ ನಂಬಬಾರದು. ಒಮ್ಮೆ ರಾತ್ರಿ 58 ಅಂತ ಕೂಗಿತು. ಬೆರಳಲ್ಲಿ 112. ಆ ತೋಳಿನ ಮೇಲೇ ಒತ್ತಿ ಮಲಗಿದ್ದಳು.

ಮಳೆಗಾಲಕ್ಕೆ ನಮ್ಮದು ಬೇರೆಯೇ ತಯಾರಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ ಸುತ್ತಮುತ್ತ ರಸ್ತೆಗಳೇ ಇಲ್ಲವಾಗಿದ್ದನ್ನು ಕಂಡವರು ನಾವು. ಜೂನ್ ಹುಟ್ಟುವ ಮುಂಚೆ ಎರಡು ತಿಂಗಳ ಇನ್ಸುಲಿನ್, ಸ್ಟ್ರಿಪ್, ಸೂಜಿ ಮನೆಯಲ್ಲಿರಬೇಕು. ಮರ ಬಿದ್ದು ಕರೆಂಟ್ ಮೂರು ನಾಲ್ಕು ದಿನ ಬರುವುದಿಲ್ಲ. ತೆರೆಯದ ಇನ್ಸುಲಿನ್ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಮೊದಲ ವರ್ಷ ಹೆದರಿ ಇನ್ಸುಲಿನ್ ಪೆನ್‌ಗಳನ್ನು ಫ್ರಿಜ್ಜಿನ ತೀರಾ ಹಿಂದಕ್ಕೆ ತಳ್ಳಿಟ್ಟಿದ್ದೆ. ಎರಡು ಪೆನ್ ಮಂಜುಗಡ್ಡೆಯಾಗಿತ್ತು. ಒಮ್ಮೆ ಗಟ್ಟಿಯಾದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು, ಎಸೆಯಲೇಬೇಕು. ಈಗ ಬಾಗಿಲ ಹತ್ತಿರದ ಡಬ್ಬಿಯಲ್ಲಿಡುತ್ತೇನೆ. ಕರೆಂಟ್ ಹೋದರೆ ಫ್ರಿಜ್ ಬಾಗಿಲು ಯಾರೂ ತೆರೆಯುವ ಹಾಗಿಲ್ಲ. ತೆರೆದು ಬಳಸುತ್ತಿರುವ ಪೆನ್ ನಮ್ಮ ಊರಿನ ಮಳೆಗಾಲದ ಚಳಿಗೆ ಹೊರಗೇ ಇರುತ್ತದೆ. ನಮ್ಮದು 28 ದಿನಕ್ಕೆ ಬದಲಾಯಿಸುವಂಥದ್ದು. ತೆರೆದ ತಾರೀಖನ್ನು ಅದರ ಮೇಲೇ ಬರೆಯುತ್ತೇವೆ.

ಮಳೆಯ ಜೊತೆ ಜ್ವರ ಬರುತ್ತದೆ. ಊಟ ಸೇರದಿದ್ದರೂ ರಾತ್ರಿ ಕೊಡುವ, ನಿಧಾನವಾಗಿ ತುಂಬಾ ಹೊತ್ತು ಕೆಲಸ ಮಾಡುವ ದೀರ್ಘ ಇನ್ಸುಲಿನ್ ನಿಲ್ಲಿಸುವ ಹಾಗಿಲ್ಲ. ಜ್ವರಕ್ಕೆ ಶುಗರ್ ಏರುತ್ತದೆ, 250 ದಾಟಿದರೆ ಉಚ್ಚೆಯಲ್ಲಿ ಕೀಟೋನ್, ಅಂದರೆ ಇನ್ಸುಲಿನ್ ಸಾಲದಾಗ ಮೈ ಕೊಬ್ಬು ಕರಗಿಸಿ ಬಿಡುವ ಆಮ್ಲ, ಇದೆಯಾ ಅಂತ ಪಟ್ಟಿಯಿಂದ ನೋಡುತ್ತೇವೆ. ಇಲ್ಲಿ ಒಂದು ನಮ್ಮ ಊರಿನದೇ ವಿಷಯ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದರೆ ಉಚ್ಚೆ ಕೆಂಪಾಗುತ್ತದಲ್ವಾ? ಕೀಟೋನ್ ಪಟ್ಟಿಯನ್ನು ಓದುವುದೇ ಬಣ್ಣದಿಂದ. ಹಾಗಾಗಿ ಆ ಎರಡು ದಿನ ನಾನು ಅದನ್ನು ನಂಬುವುದಿಲ್ಲ.

ಆ ಪಾಯಸದ ದಿನವೇ ನೆಂಟರೊಬ್ಬರು, ಈ ಸೊಪ್ಪಿನ ರಸ ಕೊಟ್ಟು ಇಂಜೆಕ್ಷನ್ ಬಿಡಿಸಿ ಅಂದರು. ಪ್ರೀತಿಯಿಂದಲೇ ಅಂದದ್ದು. ನಾನು ಕೂರಿಸಿ ಹೇಳಿದೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಬದುಕುತ್ತಿರಲಿಲ್ಲ. ನನ್ನ ಮಗಳ ಮೈ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿದೆ, ಸೊಪ್ಪು ಅದನ್ನು ತಂದುಕೊಡಲಾರದು. ಪಾಯಸ ಅರ್ಧ ಬಟ್ಟಲು ಕೊಡುತ್ತೇನೆ, ಬೆಲ್ಲ ಅಕ್ಕಿ ಲೆಕ್ಕ ಹಾಕಿ ಇನ್ಸುಲಿನ್ ಜೊತೆಗೆ ಅಂದೆ. ಅವರು ಆಮೇಲೆ ಆ ಮಾತು ಎತ್ತಲಿಲ್ಲ.

ಈಗ ಅವಳಿಗೆ ಹತ್ತು. ಹೋದ ಹುತ್ತರಿಯ ರಾತ್ರಿ ಕದಿರು ತೆಗೆಯಲು ಗದ್ದೆಗೆ ಹೊರಡುವ ಮುಂಚೆ ತಾನೇ ಕೈ ತೊಳೆದು ಬೆರಳು ಚುಚ್ಚಿಕೊಂಡಳು. 118. ಗ್ಲೂಕೋಸ್ ಪೊಟ್ಟಣ ಜರ್ಕಿನ್ ಜೇಬಿಗೆ ಹಾಕಿಕೊಂಡಳು. "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾ ಬೆಳದಿಂಗಳಲ್ಲಿ ಗದ್ದೆ ಬದುವಿನ ಮೇಲೆ ಎಲ್ಲರಿಗಿಂತ ಮುಂದೆ ಓಡಿದಳು. ಬಂದ ಮೇಲೆ ತಂಬಿಟ್ಟಿನ ಬಟ್ಟಲು ಹಿಡಿದು ಬಾಳೆಹಣ್ಣು ಎಷ್ಟು, ಹಿಟ್ಟು ಎಷ್ಟು ಅಂತ ಅಜ್ಜಿಯನ್ನು ಕೇಳಿ ಲೆಕ್ಕ ಹಾಕಿದಳು. ನಾನು ಹಾಕಿದ ಲೆಕ್ಕಕ್ಕೂ ಅವಳದಕ್ಕೂ ಅರ್ಧ ಯೂನಿಟ್ ವ್ಯತ್ಯಾಸ. "ನೀನು ತುಪ್ಪ ಲೆಕ್ಕಕ್ಕೆ ತಗೊಳ್ಳಲಿಲ್ಲ ಅಮ್ಮಾ, ಇದು ನಿಧಾನ ಏರುತ್ತೆ" ಅಂದಳು. ಅವಳು ಹೇಳಿದಷ್ಟೇ ಕೊಟ್ಟೆವು. ಮೂರು ಗಂಟೆಗೆ ನೋಡಿದೆ, 136. ಪುಸ್ತಕದಲ್ಲಿ ಬರೆದು ಮಲಗಿದೆ.