ಊರಲ್ಲಿದ್ದುಕೊಂಡೇ ಪತ್ರಿಕೆಗೆ ಬರೆಯುವುದು ಹೇಗೆ? ವಿಷಯದ ಆಯ್ಕೆಯಿಂದ ಸಂಭಾವನೆಯವರೆಗೆ

ಪತ್ರಿಕೆಗಳಿಗೆ ಹವ್ಯಾಸಿಯಾಗಿ ಬರೆಯಬೇಕೆಂಬ ಆಸೆಯುಳ್ಳ ಯುವಕ ಯುವತಿಯರು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಬಹಳ ಇದ್ದಾರೆ. ಅವರಲ್ಲಿ ಹೆಚ್ಚಿನವರು ಮೊದಲು ಬರೆದು ಕಳುಹಿಸುವುದು ಅಭಿಪ್ರಾಯ ಲೇಖನವನ್ನು: ಕಲ್ಯಾಣ ಕರ್ನಾಟಕದ ಹಿಂದುಳಿದಿರುವಿಕೆ, ಶಿಕ್ಷಣದ ಸ್ಥಿತಿ, ರೈತನ ಬವಣೆ. ಕಾಳಜಿ ನಿಜವಾದುದೇ ಆದರೂ ಅಂಥ ಬರಹಗಳಿಗೆ ಸಂಪಾದಕರಲ್ಲಿ ಎಂದೂ ಕೊರತೆಯಿರುವುದಿಲ್ಲ. ಒಂದು ಊರಿನಲ್ಲಿ, ಒಂದು ಹಂಗಾಮಿನಲ್ಲಿ ಏನು ನಡೆಯಿತೆಂಬುದನ್ನು ಕಣ್ಣಾರೆ ಕಂಡು, ದಾಖಲೆಯೊಂದಿಗೆ ತಾಳೆ ನೋಡಿ ಬರೆದ ಲೇಖನ ಮಾತ್ರ ಅವರಿಗೆ ಅಪರೂಪಕ್ಕೆ ಸಿಗುತ್ತದೆ. ಅದನ್ನು ಬೆಂಗಳೂರಿನಲ್ಲಿ ಕುಳಿತವರಿಗಿಂತ ಮಾನ್ವಿಯಲ್ಲೋ ಯಲಬುರ್ಗಾದಲ್ಲೋ ಇರುವವರು ಚೆನ್ನಾಗಿ ಬರೆಯಬಲ್ಲರು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹುಟ್ಟಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಮರುವರ್ಷವೇ ಬಳ್ಳಾರಿಗೆ ಬಂದು, ಹೆಸರು ಬದಲಿಸಿಕೊಂಡು ಇಲ್ಲಿಂದಲೇ ಪ್ರಕಟವಾಯಿತು ಎಂಬುದನ್ನು ಈ ಭಾಗದ ಹೊಸ ಬರಹಗಾರರು ತಿಳಿದಿರುವುದು ಒಳ್ಳೆಯದು.

ಒಂದು ಲೇಖನ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಇಲ್ಲಿ ಒಂದೇ ಉದಾಹರಣೆಯ ಮೂಲಕ ನೋಡೋಣ. ವಿಷಯ ಈ ನಾಡಿನ ಎಲ್ಲರಿಗೂ ಗೊತ್ತಿರುವಂಥದ್ದು: ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ತಲುಪದಿರುವುದು.

ವಿಷಯವನ್ನು ಕಿರಿದುಗೊಳಿಸಿ

‘ತುಂಗಭದ್ರಾ ನೀರಿನ ಸಮಸ್ಯೆ’ ಎಂಬುದನ್ನು ಒಂದು ಲೇಖನದಲ್ಲಿ ಹಿಡಿಯಲಾಗದು. ‘ಮಾನ್ವಿ ಅಥವಾ ಸಿರವಾರ ತಾಲ್ಲೂಕಿನ ಇಂಥ ಉಪಕಾಲುವೆಯ ಕೊನೆಯ ಊರಿಗೆ ಈ ಮುಂಗಾರು ಹಂಗಾಮಿನಲ್ಲಿ ಎಷ್ಟು ದಿನ ನೀರು ಬಂತು, ಬರದ ದಿನಗಳಲ್ಲಿ ಯಾರು ಏನು ಮಾಡಿದರು’ ಎಂಬ ಪ್ರಶ್ನೆಯನ್ನು ಹಿಡಿಯಬಹುದು. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಟ್ಟುಕೊಳ್ಳಿ. ಆ ವಾಕ್ಯದಲ್ಲಿ ಸ್ಥಳ, ಕಾಲ ಮತ್ತು ಜನ ಮೂರೂ ಇಲ್ಲದಿದ್ದರೆ ವಿಷಯ ಇನ್ನೂ ದೊಡ್ಡದಾಗಿಯೇ ಇದೆ ಎಂದು ತಿಳಿಯಬೇಕು.

ಎಲ್ಲ ವರದಿಗಾರರೂ ಸೇರಿರುವ ಜಾಗಕ್ಕೆ ಹವ್ಯಾಸಿ ಬರಹಗಾರರು ಓಡಬೇಕಾದ ಅಗತ್ಯವಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ರಾಜ್ಯದ ಕ್ಯಾಮೆರಾಗಳೆಲ್ಲ ಅಣೆಕಟ್ಟೆಯತ್ತ ತಿರುಗಿದ್ದವು. ನಾಟಿ ಮಾಡಿದವರು, ಮಾಡಬೇಕೋ ಬೇಡವೋ ಎಂದು ಸಸಿಮಡಿಯ ಮುಂದೆ ನಿಂತವರು, ಕೂಲಿಗೆ ಮಾತು ಕೊಟ್ಟಿದ್ದ ಹೆಣ್ಣುಮಕ್ಕಳು, ಇವರೆಲ್ಲ ಇದ್ದದ್ದು ಅಲ್ಲಿಂದ ಬಹುದೂರ ಕಾಲುವೆಯ ಕೆಳಗೆ. ಹವ್ಯಾಸಿ ಬರಹಗಾರರ ಜಾಗವೂ ಅದೇ.

ಹೊರಡುವ ಮುನ್ನ ದಾಖಲೆ ಓದಿ

ಊರಿಗೆ ಹೋಗುವ ಮೊದಲು ವಿಷಯದ ಹಿನ್ನೆಲೆ ನಿಮಗೆ ತಿಳಿದಿರಬೇಕು. ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಯನ್ನು ದಾಟಿ ರಾಯಚೂರಿನತ್ತ 227 ಕಿಲೋಮೀಟರ್ ಸಾಗುತ್ತದೆ. ಹಳೆಯ ಲೆಕ್ಕದಲ್ಲಿ ಅದು 141 ಮೈಲು. ಇಂದಿಗೂ ರೈತರೂ ಎಂಜಿನಿಯರುಗಳೂ 69ನೇ ಮೈಲು, 104ನೇ ಮೈಲು ಎಂದೇ ಜಾಗ ಗುರುತಿಸುತ್ತಾರೆ. ಅಣೆಕಟ್ಟೆ ಕಟ್ಟಿದಾಗ 133 ಟಿಎಂಸಿ ಅಡಿಯಷ್ಟಿದ್ದ ಸಂಗ್ರಹ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಯೋಜನೆಯನ್ನು ರೂಪಿಸಿದಾಗ ಅಚ್ಚುಕಟ್ಟಿನ, ಅಂದರೆ ಕಾಲುವೆಯ ನೀರು ಪಡೆಯುವ ಜಮೀನಿನ, ಬಹುಭಾಗವನ್ನು ಜೋಳ, ಹತ್ತಿಯಂಥ ಲಘು ನೀರಾವರಿ ಬೆಳೆಗಳಿಗೆ ಗೊತ್ತುಮಾಡಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ವ್ಯಾಪಿಸಿದಂತೆಲ್ಲ ಕೆಳಭಾಗದ ಪಾಲು ಕರಗಿತು. ಇಷ್ಟನ್ನೂ ಅರಿಯದೆ ಹೋದವರು ಮೊದಲು ಸಿಕ್ಕವರು ಹೇಳಿದ್ದನ್ನೇ ಪೂರ್ಣ ಸತ್ಯವೆಂದು ಬರೆದುಕೊಂಡು ಬರುತ್ತಾರೆ.

ಲೆಕ್ಕವೂ ಬರಬೇಕು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು ಇರುವುದರಿಂದ ಸುಮಾರು 11,574 ಕ್ಯುಸೆಕ್ ನೀರು ಒಂದು ದಿನವಿಡೀ ಹರಿದರೆ ಒಂದು ಟಿಎಂಸಿ ಅಡಿಯಾಗುತ್ತದೆ. ಈ ಒಂದು ಗುಣಾಕಾರ ಗೊತ್ತಿದ್ದರೆ, ಕಾಲುವೆಗೆ ಬಿಡುವ ನೀರನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಘೋಷಿಸಿದ ಪ್ರಮಾಣಕ್ಕೂ, ಕಾಲುವೆಯ ನೀರನ್ನು ಅಳೆಯುವ ಗೇಜಿನಲ್ಲಿ ದಾಖಲಾದ ಹರಿವಿಗೂ ಹೊಂದಾಣಿಕೆ ಇದೆಯೇ ಎಂಬುದನ್ನು ನೀವೇ ಪರೀಕ್ಷಿಸಬಹುದು.

ಕಚೇರಿಯಲ್ಲಿ ಕೇಳಿದರೆ ಸಿಗದ ದಾಖಲೆಗೆ ಮಾಹಿತಿ ಹಕ್ಕು ಕಾಯ್ದೆ, 2005 ಇದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಒಳಗಿರಬೇಕು. ಮಾಹಿತಿ ಏಕೆ ಬೇಕೆಂದು ನೀವು ಹೇಳಬೇಕಾಗಿಲ್ಲ, ಪತ್ರಕರ್ತರೆಂಬ ಗುರುತಿನ ಚೀಟಿಯೂ ಬೇಕಿಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ನಂತರದ 30 ದಿನಗಳೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಹೊಸಬರು ಸಾಮಾನ್ಯವಾಗಿ ‘ಕೊನೆಭಾಗಕ್ಕೆ ನೀರು ಏಕೆ ಕೊಡುತ್ತಿಲ್ಲ’ ಎಂದು ಅರ್ಜಿಯಲ್ಲಿ ಕೇಳುತ್ತಾರೆ. ‘ಏಕೆ’ ಎಂಬುದಕ್ಕೆ ಉತ್ತರ ಕೊಡಲು ಮಾಹಿತಿ ಅಧಿಕಾರಿ ಬಾಧ್ಯರಲ್ಲ. ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಇಂಥ ಉಪಕಾಲುವೆಯ ದೈನಿಕ ಗೇಜ್ ನೋಂದಣಿ ಪುಸ್ತಕದ ದೃಢೀಕೃತ ಪ್ರತಿ’ ಎಂದು ಕೇಳಿದರೆ ಅದು ಇರುವ ದಾಖಲೆ, ಕೊಡಲೇಬೇಕಾದ ದಾಖಲೆ. ಕಡತವನ್ನು ಕಚೇರಿಯಲ್ಲೇ ಕುಳಿತು ಪರಿಶೀಲಿಸುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ; ಅದನ್ನು ಬಳಸುವವರು ಕಡಿಮೆ, ಬಳಸಿದವರಿಗೆ ಸಿಗುವುದು ಬಹಳ.

ಜನರನ್ನು ಕೇಳುವ ಬಗೆ

ಈ ಕಸುಬಿನಲ್ಲಿ ಕಲಿಯಲು ಹೆಚ್ಚು ಕಾಲ ಹಿಡಿಯುವುದು ಇದೇ ಭಾಗ. ಪುಸ್ತಕದಿಂದ ಇದು ಬರುವುದಿಲ್ಲ. ‘ನಿಮಗೆ ಅನ್ಯಾಯ ಆಗ್ಯಾದೇನು?’ ಎಂದು ಕೇಳಿದರೆ ಯಾರಾದರೂ ‘ಹೌದು’ ಎನ್ನುತ್ತಾರೆ. ಆ ಉತ್ತರದಿಂದ ಲೇಖನಕ್ಕೆ ಏನೂ ದಕ್ಕುವುದಿಲ್ಲ. ‘ಈ ಸಲ ಭತ್ತ ಯಾವಾಗ ಹಚ್ಚಿದ್ರಿ? ಹಚ್ಚಿದ ಮ್ಯಾಲೆ ನೀರು ಎಷ್ಟು ದಿನಕ್ಕ ಬಂತು? ರಾತ್ರಿ ಬಂತೋ ಹಗಲು ಬಂತೋ? ಕಾಯಾಕ ಯಾರು ಹೋಗಿದ್ರಿ?’ ಎಂದು ಅವರದೇ ಮಾತಿನಲ್ಲಿ ಕೇಳಿದರೆ ದಿನಾಂಕ ಸಿಗುತ್ತದೆ, ಖರ್ಚು ಸಿಗುತ್ತದೆ, ಕಾಲುವೆ ದಂಡೆಯ ಮೇಲೆ ಕಳೆದ ರಾತ್ರಿಗಳ ವಿವರ ಸಿಗುತ್ತದೆ. ಡೀಸೆಲ್ ಪಂಪು ಹಚ್ಚಿದ್ದರೆ ಎಷ್ಟು ದಿನ ಓಡಿಸಿದರು, ದಿನಕ್ಕೆ ಎಷ್ಟು ಲೀಟರ್ ಸುಟ್ಟಿತು ಎಂಬುದನ್ನು ಬರೆದುಕೊಳ್ಳಿ.

ಮಾತನಾಡಿಸಬೇಕಾದವರು ರೈತರಷ್ಟೇ ಅಲ್ಲ. ತೂಬು ತೆರೆಯುವ, ಮುಚ್ಚುವ ಗ್ಯಾಂಗ್‌ಮನ್‌ಗೆ ಕಾಲುವೆಯ ಪ್ರತಿ ಸೋರಿಕೆಯೂ ಗೊತ್ತಿರುತ್ತದೆ. ಅವರಲ್ಲಿ ಹಲವರು ತಾತ್ಕಾಲಿಕ ನೌಕರರಾಗಿದ್ದು, ಹೆಸರು ಪ್ರಕಟವಾದರೆ ಕೆಲಸಕ್ಕೇ ಸಂಚಕಾರ ಬರುವ ಸಾಧ್ಯತೆ ಇರುತ್ತದೆ. ನಾಟಿ ಕೂಲಿಗೆ ಹೋಗುವ ಹೆಣ್ಣುಮಕ್ಕಳು ಈ ಕಥೆಯ ಅತ್ಯಂತ ನಂಬಲರ್ಹ ಸಾಕ್ಷಿಗಳು ಎಂದು ನನ್ನ ಅನಿಸಿಕೆ, ಏಕೆಂದರೆ ಎಷ್ಟು ದಿನ ಕೆಲಸ ಸಿಕ್ಕಿತೆಂಬುದನ್ನು ಅವರು ಮರೆಯುವುದಿಲ್ಲ. ಕೆಲಸ ತಪ್ಪಿದ ಮೇಲೆ ಯಾವ ಮನೆಗಳು ಗುಳೆ ಹೋದವು ಎಂಬುದೂ ಅವರಿಗೆ ಬಾಯಿಪಾಠವಾಗಿರುತ್ತದೆ. ವರದಿಗಳಲ್ಲಿ ಅವರ ದನಿ ಬಹುತೇಕ ಕೇಳಿಸುವುದೇ ಇಲ್ಲ.

ಮೇಲ್ಭಾಗದವರನ್ನೂ ಕಾಣಲೇಬೇಕು. ಅಣೆಕಟ್ಟೆಯಾದ ಮೇಲೆ ಆಂಧ್ರದಿಂದ ಬಂದು ಗಂಗಾವತಿ, ಸಿಂಧನೂರು ಭಾಗದ ಕ್ಯಾಂಪುಗಳಲ್ಲಿ ನೆಲೆಸಿ, ಸಾಲ ಮಾಡಿ ಭೂಮಿ ಹದಗೊಳಿಸಿ ಭತ್ತ ಬೆಳೆದ ಕುಟುಂಬಗಳಿಗೂ, ಅವರನ್ನು ನೋಡಿ ಭತ್ತಕ್ಕೆ ತಿರುಗಿದ ಸ್ಥಳೀಯ ರೈತರಿಗೂ ಹೇಳುವುದಿದೆ. ಅವರನ್ನು ಕೇಳದೆ ‘ನೀರು ಕದಿಯುವವರು’ ಎಂದು ಬರೆಯುವುದು ಪತ್ರಿಕಾ ಧರ್ಮಕ್ಕೆ ಒಪ್ಪುವಂಥದ್ದಲ್ಲ. ಈ ಸೀಮೆಯಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು ಅರ್ಥವಾಗುವ ಬರಹಗಾರರು ಬಹಳ ದೂರ ಹೋಗಬಲ್ಲರು. ನಿಜಾಮರ ಕಾಲದ ರಾಯಚೂರು, ಕೊಪ್ಪಳದ ಹಳೆಯ ಕಡತಗಳು ಉರ್ದುವಿನಲ್ಲಿರುವುದರಿಂದ ಓದಲು ಬಂದರಂತೂ ಇನ್ನೂ ಒಳ್ಳೆಯದು.

ಯಾರ ಜೊತೆ ಮಾತನಾಡಿದರೂ ನೀವು ಯಾರು, ಯಾವುದಕ್ಕಾಗಿ ಕೇಳುತ್ತಿದ್ದೀರಿ ಎಂಬುದನ್ನು ಮೊದಲೇ ಹೇಳಿ. ಹೆಸರು, ಊರು, ವಯಸ್ಸು, ಫೋನ್ ನಂಬರನ್ನು ಅವರ ಮುಂದೆಯೇ ಬರೆದುಕೊಂಡು ಓದಿ ಹೇಳಿ. ರೆಕಾರ್ಡ್ ಮಾಡುವುದಾದರೆ ಕೇಳಿಯೇ ಮಾಡಿ. ರೆಕಾರ್ಡಿಂಗ್ ಇದೆಯೆಂದು ನೋಟ್ಸ್ ಬರೆಯುವುದನ್ನು ಬಿಡಬೇಡಿ. ರಾತ್ರಿ ಮನೆಗೆ ಬಂದ ಕೂಡಲೇ ನೋಟ್ಸನ್ನು ಬಿಡಿಸಿ ಬರೆಯಬೇಕು, ಏಕೆಂದರೆ ಹೊಲದಲ್ಲಿ ಗೀಚಿದ ಅರ್ಧ ಪದಗಳ ಅರ್ಥ ಎರಡು ದಿನವಾದ ಮೇಲೆ ಬರೆದವರಿಗೇ ತಿಳಿಯುವುದಿಲ್ಲ.

ತಾಳೆ ನೋಡುವುದು

ರೈತರು ‘ಹದಿನೈದು ದಿನ ನೀರು ಬರಲಿಲ್ಲ’ ಎನ್ನುತ್ತಾರೆ. ಗೇಜ್ ಪುಸ್ತಕ ಒಂಬತ್ತು ದಿನ ಎನ್ನುತ್ತದೆ ಎಂದು ಭಾವಿಸಿ. ಎರಡರಲ್ಲಿ ಒಂದು ಸುಳ್ಳೆಂದು ತೀರ್ಮಾನಿಸುವ ಮುನ್ನ ಗೇಜ್ ಎಲ್ಲಿದೆ ಎಂದು ಹೋಗಿ ನೋಡಬೇಕು. ಉಪಕಾಲುವೆಯ ಬಾಯಲ್ಲಿ ಅಳೆದ ನೀರು ಕೊನೆಯ ತೂಬಿನವರೆಗೆ ತಲುಪಿರಬೇಕೆಂದಿಲ್ಲ; ನಡುವೆ ಒಡೆದ ಲೈನಿಂಗ್ (ಕಾಲುವೆಯ ಒಳಮೈಯ ಹೊದಿಕೆ), ಅಕ್ರಮ ಪೈಪು, ಹೂಳು ಏನಾದರೂ ಇರಬಹುದು. ಆಗ ಆ ಆರು ದಿನಗಳ ಅಂತರವೇ ನಿಮ್ಮ ಲೇಖನದ ಜೀವಾಳ. ದಂಡೆಗುಂಟ ನಡೆದು ನೋಡಿ, ಫೋಟೊ ತೆಗೆದು, ಪ್ರತಿ ಫೋಟೊಗೆ ದಿನಾಂಕ, ಸ್ಥಳ ಬರೆದಿಡಿ.

ಆರೋಪಕ್ಕೆ ಗುರಿಯಾದ ಇಲಾಖೆಯ ಪ್ರತಿಕ್ರಿಯೆಯನ್ನು ಪ್ರಕಟಣೆಗೆ ಮೊದಲೇ ಕೇಳಬೇಕು. ಫೋನಿನಲ್ಲಿ ಸಿಗದಿದ್ದರೆ ಪ್ರಶ್ನೆಗಳನ್ನು ಇಮೇಲ್ ಮಾಡಿ, ಉತ್ತರಕ್ಕೆ ಸಾಕಷ್ಟು ಸಮಯ ಕೊಡಿ, ಕಳುಹಿಸಿದ ದಿನಾಂಕ ಉಳಿಸಿಕೊಳ್ಳಿ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಅಪರಾಧ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ ಅಲ್ಲಿ ವಿನಾಯಿತಿ ಇದೆಯಾದರೂ, ಸತ್ಯವೆಂದು ತೋರಿಸಲು ಕಾಗದ ಕೈಯಲ್ಲಿರಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು, ಪೋಕ್ಸೊ ಪ್ರಕರಣದ ಮಗುವಿನ ಹೆಸರು, ಊರು, ಶಾಲೆ ಇವನ್ನು ಬರೆಯುವಂತಿಲ್ಲ. ಸಣ್ಣ ಹಳ್ಳಿಯಲ್ಲಿ ತಂದೆಯ ಕಸುಬನ್ನು ಹೇಳಿದರೂ ಮಗುವಿನ ಗುರುತು ಬಯಲಾಗುತ್ತದೆ.

ಪ್ರಸ್ತಾವ ಕಳುಹಿಸುವುದು

ಪೂರ್ತಿ ಲೇಖನ ಕಳುಹಿಸುವ ಮೊದಲು 150 ಪದಗಳ ಒಂದು ಪ್ರಸ್ತಾವ ಬರೆಯಿರಿ: ಪ್ರಶ್ನೆ ಏನು, ಏನೇನು ಕೈಯಲ್ಲಿದೆ, ಯಾರನ್ನು ಮಾತನಾಡಿಸಿದ್ದೀರಿ, ಈಗಲೇ ಏಕೆ ಪ್ರಕಟವಾಗಬೇಕು, ಎಷ್ಟು ಪದ, ಯಾವ ದಿನಕ್ಕೆ ಕೊಡಬಲ್ಲಿರಿ. ಪತ್ರಿಕೆಯ ಯಾವ ಪುರವಣಿ ಯಾವ ವಾರ ಬರುತ್ತದೆ, ಅದರಲ್ಲಿ ಎಂಥ ಲೇಖನಗಳಿರುತ್ತವೆ ಎಂಬುದನ್ನು ಕೆಲವು ತಿಂಗಳು ಓದಿಯೇ ಕಳುಹಿಸಬೇಕು. ಲೇಖನ ಯೂನಿಕೋಡ್‌ನಲ್ಲಿರಲಿ. ಒಂದೇ ಲೇಖನವನ್ನು ಒಟ್ಟಿಗೆ ಎರಡು ಪತ್ರಿಕೆಗಳಿಗೆ ಕಳುಹಿಸಬಾರದು. ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಹಿಂಪಡೆದಿರುವುದಾಗಿ ತಿಳಿಸಿ, ಆಮೇಲೆ ಇನ್ನೊಂದಕ್ಕೆ ಕಳುಹಿಸಿ.

ಬರವಣಿಗೆ

ಕಾಲುವೆಗೆ ನೀರು ಬಿಟ್ಟ ದಿನದಿಂದಲೇ ಶುರುಮಾಡಿ. ತುಂಗಭದ್ರೆಯ ಉಗಮದಿಂದ ಬೇಡ. ‘ರೈತ ಕಂಗಾಲಾಗಿದ್ದಾನೆ’ ಎಂಬ ಮಾತನ್ನು ತೆಗೆದುಹಾಕಿ, ಆ ಜಾಗದಲ್ಲಿ ಅವರು ಎಕರೆಗೆ ಹಾಕಿದ ಖರ್ಚನ್ನೂ ಬಂದ ಚೀಲಗಳನ್ನೂ ಬರೆಯಿರಿ. ಜನರ ಮಾತನ್ನು ಉದ್ಧರಿಸುವಾಗ ರಾಯಚೂರು ಸೀಮೆಯ ಮಾತು ಹಾಗೆಯೇ ಇರಲಿ; ಅದನ್ನು ಗ್ರಂಥಸ್ಥ ಭಾಷೆಗೆ ತಿರುಗಿಸಿದರೆ ಆ ವ್ಯಕ್ತಿಯೇ ಮಾಯವಾಗುತ್ತಾರೆ. ಕ್ಯುಸೆಕ್ ಎಂಬ ಪದ ಮೊದಲು ಬಂದಲ್ಲೇ ಅರ್ಥ ಹೇಳಿ. ಕಡೆಗೆ ಗಟ್ಟಿಯಾಗಿ ಓದಿ ನೋಡಿ, ಪ್ರತಿ ಅಂಕಿ, ಹೆಸರು, ದಿನಾಂಕದ ಕೆಳಗೆ ಗೆರೆ ಎಳೆದು ನೋಟ್ಸಿನೊಂದಿಗೆ ಮತ್ತೊಮ್ಮೆ ಹೋಲಿಸಿ.

ಹಕ್ಕು ಮತ್ತು ಸಂಭಾವನೆ

ಹೊಸಬರು ದುಡ್ಡಿನ ಮಾತೆತ್ತಲು ಸಂಕೋಚಪಡುತ್ತಾರೆ. ಬಸ್ ಚಾರ್ಜು, ಜೆರಾಕ್ಸ್, ಕಳೆದ ದಿನಗಳ ಕೂಲಿ ಎಲ್ಲವೂ ನಿಮ್ಮದೇ ಖರ್ಚಾಗಿರುವಾಗ ಸಂಕೋಚಕ್ಕೆ ಕಾರಣವಿಲ್ಲ. ಲೇಖನ ಒಪ್ಪಿಗೆಯಾದಾಗಲೇ ಸಂಭಾವನೆ ಎಷ್ಟು, ಯಾವಾಗ ಎಂದು ಇಮೇಲ್‌ನಲ್ಲಿ ಕೇಳಿ. ಪ್ಯಾನ್ ಸಂಖ್ಯೆ, ಬ್ಯಾಂಕ್ ವಿವರ ಸಿದ್ಧವಿರಲಿ. ತೆರಿಗೆ ಮುರಿದುಕೊಂಡಿದ್ದರೆ ರಿಟರ್ನ್ ಸಲ್ಲಿಸಿ, ಕಟ್ಟಬೇಕಾದ ತೆರಿಗೆಗಿಂತ ಹೆಚ್ಚಾಗಿದ್ದಷ್ಟನ್ನು ಮರಳಿ ಪಡೆಯಬಹುದು.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಪತ್ರಿಕೆಯ ನೌಕರರಲ್ಲದ ಬರಹಗಾರರ ಲೇಖನದ ಮೊದಲ ಒಡೆತನ ಬರೆದವರದೇ. ಲಿಖಿತ ಒಪ್ಪಂದದ ಮೂಲಕ ಹಕ್ಕನ್ನು ವರ್ಗಾಯಿಸಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತ ಎಂದೂ ಕಾನೂನು ಪರಿಗಣಿಸುತ್ತದೆ. ಮುಂದೆ ಈ ಲೇಖನಗಳನ್ನು ಸೇರಿಸಿ ಪುಸ್ತಕ ಮಾಡುವ ಆಸೆಯಿದ್ದರೆ ಸಹಿ ಹಾಕುವ ಮುನ್ನ ಆ ಕಾಗದವನ್ನು ಪೂರ್ತಿ ಓದಬೇಕು.

ಪ್ರಕಟವಾದ ಪ್ರತಿಯನ್ನು ಮಾತನಾಡಿದವರಿಗೆ ತಲುಪಿಸಿ. ಮುಂದಿನ ಹಂಗಾಮಿನಲ್ಲಿ ಮೊದಲು ಫೋನ್ ಮಾಡುವವರು ಅವರೇ. ಕಡತವನ್ನು ಮುಚ್ಚಬೇಡಿ. ಗೇಜ್ ಪುಸ್ತಕದ ಪ್ರತಿಗಳನ್ನು ವರ್ಷವಾರು ಜೋಡಿಸಿಟ್ಟು, ಮುಂದಿನ ನೀರಾವರಿ ಸಲಹಾ ಸಮಿತಿಯ ಸಭೆ ನಿಗದಿಯಾದ ದಿನವೇ ಎರಡನೆಯ ಪ್ರಸ್ತಾವವನ್ನು ಪುರವಣಿಗೆ ಕಳುಹಿಸಿ.